ಒಗ್ಗರಣೆ ಡಬ್ಬಿಯ ಏಳನೇ ಬಟ್ಟಲು

ಹೊರಡುವ ಮೊದಲು

ಉಡುಪಿ ಕಡೆಯ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ಕೂತವಳು ನಾನು. ಗಲ್ಫಿಗೆ ಹೋಗುವ ಪಾರ್ಸೆಲುಗಳನ್ನು ಬಿಚ್ಚಿಸಿ ನೋಡುವುದರಲ್ಲಿ ನನ್ನಷ್ಟು ಕಟ್ಟುನಿಟ್ಟಿನವರು ತಾಲೂಕಿನಲ್ಲೇ ಇಲ್ಲ ಎಂದು ಜನ ಹೇಳುತ್ತಿದ್ದರು. ಅದು ಹೊಗಳಿಕೆಯೋ ಬೈಗುಳವೋ ನಾನು ವಿಚಾರಿಸಲು ಹೋಗಲಿಲ್ಲ. ಮಗನಿಗೆ ಉಪ್ಪಿನಕಾಯಿ ಕಳಿಸಲು ಬಂದ ತಾಯಂದಿರು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತರೂ ಪಟ್ಟಿ ತೋರಿಸಿ ಭರಣಿಯನ್ನು ಹಿಂದಕ್ಕೆ ಕೊಟ್ಟಿದ್ದೇನೆ. ಯಾಕೆ ಕಳಿಸಬಾರದು ಎಂದು ಕೇಳಿದರೆ ನನ್ನ ಉತ್ತರ ಒಂದೇ ಇತ್ತು: ಪಟ್ಟಿಯಲ್ಲಿ ಉಂಟು, ಅದಕ್ಕೆ. ನಿಯಮಕ್ಕೆ ಕಾರಣ ಕೇಳುತ್ತ ಕೂತರೆ ಕಚೇರಿ ನಡೆಯುವುದಿಲ್ಲ.

ಹಾಗಾಗಿ ಅಬುಧಾಬಿಯಿಂದ ತಂಗಿಯ ಗಂಡ ದಿನೇಶ 'ತರಬಾರದ ಸಾಮಾನು' ಎಂದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಪಟ್ಟಿ ಕಳಿಸಿದಾಗ ನಾನು ಅದನ್ನು ಕಣ್ಣಿಗೊತ್ತಿಕೊಂಡೆ ಎಂದರೂ ತಪ್ಪಿಲ್ಲ. ಒಣಕೊಬ್ಬರಿ, ಕರ್ಪೂರ, ತುಪ್ಪ, ಉಪ್ಪಿನಕಾಯಿ, ಗಸಗಸೆ, ಚೀಟಿಯಿಲ್ಲದ ಮಾತ್ರೆ. ದಿನೇಶನ ಸ್ವಭಾವ ನನಗೆ ಗೊತ್ತು. ಬ್ಯಾಗಿನಲ್ಲಿ ಏನಾದರೂ ಚೆಲ್ಲೀತು, ತೂಕ ಹೆಚ್ಚಾದೀತು ಎಂದು ಹೆದರುವವನು. ಇದೆಲ್ಲ ವಿಮಾನದವರ ಕಾಟವೆಂದೇ ತಿಳಿದೆ. ಅಂಗಡಿಯಿಂದ ತಂದಿದ್ದ ಅರ್ಧ ಕಿಲೋ ಗಸಗಸೆಯ ಪೊಟ್ಟಣವನ್ನು ಪಕ್ಕದ ಮನೆಯವಳಿಗೆ ಕೊಟ್ಟೆ. ಪಟ್ಟಿಯ ಒಂದೊಂದು ಹೆಸರಿನ ಮುಂದೆಯೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ನೆಮ್ಮದಿಯಿಂದ ಬ್ಯಾಗಿನ ಜಿಪ್ ಎಳೆದೆ.

ಆ ಬ್ಯಾಗಿನ ತಳದಲ್ಲಿ, ಎರಡು ಸೀರೆಗಳ ನಡುವೆ, ನನ್ನ ಒಗ್ಗರಣೆ ಡಬ್ಬಿ ಇತ್ತು. ಅದಿಲ್ಲದೆ ನಾನು ಯಾರ ಮನೆಗೂ ಹೋಗುವುದಿಲ್ಲ. ಇನ್ನೊಬ್ಬರ ಸಾಸಿವೆ ನನ್ನ ಕೈಗೆ ಒಗ್ಗುವುದಿಲ್ಲ. ಏಳು ಬಟ್ಟಲಿನ ಸ್ಟೀಲು ಡಬ್ಬಿ. ಆರರಲ್ಲಿ ಎಲ್ಲರ ಮನೆಯಲ್ಲಿ ಇರುವಂಥದ್ದೇ ಇರುತ್ತದೆ. ಏಳನೆಯದರಲ್ಲಿ ನಮ್ಮ ಅಮ್ಮನ ಕಾಲದಿಂದಲೂ ಗಸಗಸೆ. ನಿದ್ದೆ ಬಾರದಿದ್ದರೆ ಹಾಲಿಗೆ ಒಂದು ಚಿಟಿಕೆ. ಅದೊಂದು ಸಾಮಾನು ಎಂದು ನನಗೆ ಅನ್ನಿಸಲೇ ಇಲ್ಲ; ಅದು ಡಬ್ಬಿ, ಅಷ್ಟೆ.

ಅಬುಧಾಬಿ, ಖಾಲಿದಿಯಾ

ತಂಗಿ ಶಶಿಕಲಾಳ ಮನೆ ಖಾಲಿದಿಯಾದಲ್ಲಿ, ಹನ್ನೆರಡನೇ ಮಾಳಿಗೆಯಲ್ಲಿ. ದಿನೇಶ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಬೆಳಗಾಗುವ ಮೊದಲೇ ಕಂಪೆನಿ ಬಸ್ಸು ಹತ್ತಿ ಹೋದರೆ ಸಂಜೆ ಕಬ್ಬಿಣದ ವಾಸನೆ ಹೊತ್ತು ಬರುತ್ತಾನೆ. ಅವರ ಒಬ್ಬಳೇ ಮಗಳು ಅನನ್ಯಾಳಿಗೆ ಹದಿನೈದು. ನಾನು ತುಳುವಿನಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಶಶಿ ಒಳಗಿನಿಂದ ಇಬ್ಬರಿಗೂ ಕನ್ನಡದಲ್ಲಿ ಬೈಯುತ್ತಾಳೆ. ಸಂಸಾರ ಚೆನ್ನಾಗಿಯೇ ನಡೆಯುತ್ತಿತ್ತು.

ಮೊದಲ ಎರಡು ದಿನ ನಾನು ಬಾಯಿ ಬಿಟ್ಟುಕೊಂಡೇ ಇದ್ದೆ. ರಸ್ತೆ ದಾಟಲು ಬಿಳಿ ಪಟ್ಟೆಯ ಮೇಲೆ ಕಾಲಿಟ್ಟರೆ ಸಾಕು, ಮನೆಯಷ್ಟು ದೊಡ್ಡ ಕಾರುಗಳು ನಿಂತುಬಿಡುತ್ತವೆ. ನಮ್ಮೂರ ಹೆದ್ದಾರಿಯಲ್ಲಿ ದನಕ್ಕೆ ನಿಲ್ಲುತ್ತಾರೆ, ಮನುಷ್ಯರಿಗೆ ನಿಂತದ್ದನ್ನು ನಾನು ಕಂಡಿಲ್ಲ. ಮೊದಲ ದಿನ ನಂಬಿಕೆಯಾಗದೆ ಒಂದೇ ರಸ್ತೆಯನ್ನು ನಾಲ್ಕು ಸಲ ದಾಟಿದೆ. ಶಶಿ ನಾಚಿಕೆಯಿಂದ ಬೇರೆ ಕಡೆ ನೋಡುತ್ತ ನಿಂತಿದ್ದಳು.

ಅಡುಗೆಮನೆಗೆ ಮಾತ್ರ ಅವಳು ನನ್ನನ್ನು ಬಿಡಲಿಲ್ಲ. ಒಂದು ವಾರ ಕೂತು ಉಣ್ಣು ಎಂದು ಅಪ್ಪಣೆ ಕೊಟ್ಟಳು. ಡಬ್ಬಿ ನನ್ನ ಕೋಣೆಯ ಕಪಾಟಿನಲ್ಲೇ ಉಳಿಯಿತು.

ದುಬೈಯಲ್ಲಿ ಒಂದು ಶನಿವಾರ

ಶನಿವಾರ ದುಬೈಗೆ ಹೋಗಿ ಲೋಕದ ಅತಿ ಎತ್ತರದ ಕಟ್ಟಡವನ್ನು ನೋಡಿದೆವು. ಎಲ್ಲರೂ ಬರೆಯುವುದರಿಂದ ನಾನು ಬರೆಯುವುದಿಲ್ಲ. ಕತ್ತು ಮೂರು ದಿನ ನೋಯಿತು ಎಂದಷ್ಟೇ ಹೇಳುತ್ತೇನೆ.

ಮಧ್ಯಾಹ್ನ ಅಲ್ ಮುರಕ್ಕಬಾತ್‌ನಲ್ಲಿ ನಮ್ಮ ಕಡೆಯವರದೇ ಒಂದು ಹೋಟೆಲಿನಲ್ಲಿ ಊಟ. ಸಮುದ್ರದಾಚೆ ಬಂದು ನೀರುದೋಸೆ ತಿನ್ನುವುದು ಎಂಥ ಪ್ರವಾಸ ಎಂದು ಗೊಣಗಿದವಳು ಆರು ತಿಂದೆ. ಕೊನೆಗೆ ಶ್ಯಾವಿಗೆ ಪಾಯಸ ಬಂತು. ಅದನ್ನು ಕಲಕುತ್ತ ದಿನೇಶ ಶಶಿಯ ಕಡೆ ನೋಡಿ, ನಮ್ಮ ಮದುವೆಯ ಪಾಯಸ ನೆನಪುಂಟಾ ಎಂದು ಕೇಳಿದ. ಅವಳು ನಕ್ಕಳು. ಮುಂದಿನ ಭಾನುವಾರಕ್ಕೆ ಅವರ ಮದುವೆಯಾಗಿ ಇಪ್ಪತ್ತು ವರ್ಷ ತುಂಬುತ್ತಿತ್ತು. ಆ ಪಾಯಸ ನಮ್ಮ ಅಮ್ಮ ರುಬ್ಬುವ ಕಲ್ಲಿನಲ್ಲಿ ತನ್ನ ಕೈಯಾರೆ ಕಡೆದು ಮಾಡಿದ ಗಸಗಸೆ ಪಾಯಸ.

ಅಲ್ಲೇ ತೀರ್ಮಾನಿಸಿದೆ. ಭಾನುವಾರ ಅದೇ ಪಾಯಸ ಮಾಡಿ ಎದುರಿಗಿಡಬೇಕು, ಅಲ್ಲಿವರೆಗೆ ಯಾರಿಗೂ ಹೇಳಬಾರದು. ಗುಟ್ಟು ಕಾಪಾಡುವುದರಲ್ಲಿ ನಾನು ನಿಸ್ಸೀಮಳು. ಈ ಗುಟ್ಟೇ ನಮ್ಮೆಲ್ಲರನ್ನೂ ಮುಳುಗಿಸುವುದರಲ್ಲಿತ್ತು.

ಮನೆಯ ಹಿಂದಿನ ರಸ್ತೆ

ಡಬ್ಬಿಯಲ್ಲಿದ್ದ ಒಂದು ಬಟ್ಟಲು ಪಾಯಸಕ್ಕೆ ಸಾಲದೆಂದು ಸೋಮವಾರ ಬೆಳಿಗ್ಗೆ ಒಬ್ಬಳೇ ಗಸಗಸೆ ಹುಡುಕುತ್ತ ಹೊರಟೆ. ಕಟ್ಟಡದ ಕೆಳಗಿನ ಬಕಾಲದಲ್ಲಿ, ಅಂದರೆ ನಮ್ಮ ಜಿನಸಿ ಅಂಗಡಿಯಂಥದ್ದರಲ್ಲಿ, ಕಪಾಟು ಕಪಾಟು ನೋಡಿದೆ, ಇರಲಿಲ್ಲ. ದೊಡ್ಡ ಸೂಪರ್ ಮಾರ್ಕೆಟಿನ ಮಸಾಲೆ ಸಾಲಿನಲ್ಲೂ ಇರಲಿಲ್ಲ. ವಾಪಸು ಬರುವಾಗ ದಾರಿ ತಪ್ಪಿತು. ಮನೆಯ ಹಿಂದಿನ ಓಣಿಯಂಥ ರಸ್ತೆಗೆ ಹೊಕ್ಕುಬಿಟ್ಟೆ. ಅಲ್ಲಿ ದರ್ಜಿಯಂಗಡಿಗೂ ಲಾಂಡ್ರಿಗೂ ನಡುವೆ ಒಂದು ಅಂಗಡಿಯ ಬಾಗಿಲಲ್ಲಿ ಒಣಗಿದ ಬದನೆಕಾಯಿಗಳನ್ನು ಹಾರ ಮಾಡಿ ನೇತುಹಾಕಿದ್ದರು.

ಬದನೆಕಾಯಿಗೆ ಹಾರ ಹಾಕುವ ಜನರನ್ನು ನಾನು ನೋಡಿರಲಿಲ್ಲ. ಒಳಗೆ ಹೋದೆ.

ಏನು ಹೇಳಲಿ! ದುಬೈಯ ಆ ಕಟ್ಟಡದ ಮುಂದೆ ನಿಂತಾಗಲೂ ನನಗೆ ಹಾಗಾಗಿರಲಿಲ್ಲ. ಸಣ್ಣ ಅಂಗಡಿ, ನಮ್ಮ ಅಂಚೆ ಕಚೇರಿಯಷ್ಟೇ ಅಗಲ. ಅದರೊಳಗೆ ಒಂದು ಇಡೀ ದೇಶ ಕೂತಿತ್ತು. ಉಪ್ಪುನೀರಿನ ಪೀಪಾಯಿಗಳಲ್ಲಿ ಕಪ್ಪು, ಹಸಿರು, ನೇರಳೆ ಬಣ್ಣದ ಆಲಿವ್ ಕಾಯಿಗಳು. ಒಂದು ನಮ್ಮ ಕರಂಡೆಕಾಯಿಯಷ್ಟು ಚಿಕ್ಕದು, ಇನ್ನೊಂದು ಅಡಿಕೆಯಷ್ಟು ದೊಡ್ಡದು. ಬಿಳಿ ಚೀಸಿನ ಗಟ್ಟಿಗಳು ಚಿರೆಕಲ್ಲಿನ ಹಾಗೆ ಒಂದರ ಮೇಲೊಂದು. ಮೇಣ ಸಮೇತ ನೇತಾಡುವ ಜೇನುಗೂಡು, ಅದರಿಂದ ತಟ್ಟೆಗೆ ತೊಟ್ಟಿಕ್ಕುವ ಜೇನು. ಗುಲಾಬಿ ಎಸಳಿನ ಜಾಮ್. ಉಪ್ಪಿನಲ್ಲಿ ಮಡಚಿಟ್ಟ ದ್ರಾಕ್ಷಿ ಎಲೆಗಳು. ಎಲ್ಲದಕ್ಕೂ ಮಿಗಿಲಾಗಿ ಆಗಷ್ಟೇ ಬಂದ ರೊಟ್ಟಿಯ ವಾಸನೆ. ನಾನು ಕೈಚೀಲವನ್ನು ಎದೆಗವಚಿಕೊಂಡು ಗರ್ಭಗುಡಿಯೆದುರು ನಿಂತವಳ ಹಾಗೆ ನಿಂತೆ.

ಗಲ್ಲೆಯ ಹಿಂದೆ ಇದ್ದವನಿಗೆ ಐವತ್ತರ ಆಸುಪಾಸು, ದಪ್ಪ ಮೀಸೆ, ನೀಲಿ ಏಪ್ರನ್. ಹೆಸರು ಒಸ್ಮಾನ್, ಟರ್ಕಿಯವನು. ಅವನ ಇಂಗ್ಲಿಷೂ ನನ್ನ ಅಂಚೆ ಇಂಗ್ಲಿಷೂ ಸರಿಸುಮಾರು ಒಂದೇ ಮಟ್ಟದವು, ಹಾಗಾಗಿ ಮಾತು ಸಲೀಸಾಯಿತು. ಏನು ಬೇಕು ಎಂದು ಅವನು ಕೇಳಲೇ ಇಲ್ಲ. ಮೊದಲು ಒಂದು ಬಾಟಲಿ ತೆಗೆದು ನನ್ನ ಅಂಗೈಗೆ ನಿಂಬೆಯ ಪರಿಮಳದ ನೀರು ಚಿಮುಕಿಸಿದ. ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರಲ್ಲ, ಹಾಗೆ. ಆಮೇಲೆ ಚಾಕುವಿನ ತುದಿಯಲ್ಲಿ ಒಂದೊಂದೇ ಚೂರು ಇಟ್ಟು ಕೊಡತೊಡಗಿದ. ಸಾಕು ಎಂದರೆ ನೊಂದುಕೊಳ್ಳುತ್ತಾನೆ, ಚೆನ್ನಾಗಿದೆ ಎಂದರೆ ಇನ್ನೊಂದು ಕೊಡುತ್ತಾನೆ. ಇಂಥವರನ್ನು ನಾನು ನಮ್ಮೂರ ಊಟದ ಪಂಕ್ತಿಗಳಲ್ಲಿ ಬಡಿಸುವವರಲ್ಲಿ ಮಾತ್ರ ನೋಡಿದ್ದೆ.

ದ್ರಾಕ್ಷಿಯ ರಸವನ್ನು ಕುದಿಸಿ ಮಾಡಿದ ಕಪ್ಪು ಪಾಕ ನಾಲಿಗೆಗೆ ಬಿದ್ದಾಗ ಅದು ನಮ್ಮ ಜೋನಿಬೆಲ್ಲದ ದಾಯಾದಿ ಎಂದು ಗೊತ್ತಾಯಿತು. ಆ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ತುಂಬಿ ಸುತ್ತಿ ಬೇಯಿಸುತ್ತಾರಂತೆ. ನಾನು ಕೆಸುವಿನೆಲೆಯ ಪತ್ರೊಡೆಯನ್ನು ಕೈಯಲ್ಲೇ ಸುತ್ತಿ ತೋರಿಸಿದೆ. ಅವನು ಗಲ್ಲೆಯಿಂದ ಈಚೆ ಬಂದು, ಇಲ್ಲ, ನಾವು ಹೀಗೆ ಸುತ್ತುತ್ತೇವೆ ಎಂದು ತೋರಿಸಿದ. ಇಬ್ಬರ ಕೈಯಲ್ಲೂ ಏನೂ ಇರಲಿಲ್ಲ. ಒಬ್ಬ ಗಿರಾಕಿ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿ ಹೊರಟುಹೋದ.

ಅವನು ನನ್ನನ್ನು 'ಆಬ್ಲಾ' ಎಂದು ಕರೆದ. ಸಂಜೆ ಅನನ್ಯಾ ಫೋನಿನಲ್ಲಿ ನೋಡಿ, ಅಕ್ಕ ಎಂದರ್ಥ ಎಂದು ಹೇಳಿದಳು. ಒಂಬತ್ತು ವರ್ಷದಿಂದ ಆ ಅಂಗಡಿಯ ಮುಂದೆ ದಿನವೂ ಓಡಾಡುವ ದಿನೇಶ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲವಂತೆ. ನಮಗೆ ಬೇಕಾದ್ದು ಅಲ್ಲಿ ಎಂತ ಸಿಗ್ತದೆ ಎಂದು ಅವನ ವಾದ.

ಗುರುವಾರ

ಆ ಅಂಗಡಿಯ ರೊಟ್ಟಿಗಳ ಮೇಲೆಲ್ಲ ಎಳ್ಳು, ಕರಿಜೀರಿಗೆ, ಇನ್ನೂ ಯಾವ ಯಾವುದೋ ಬೀಜ. ಇಷ್ಟು ಬೀಜ ಮಾರುವವನ ಹತ್ತಿರ ಗಸಗಸೆ ಇಲ್ಲದೆ ಇರುತ್ತದೆಯೇ? ಆದರೆ ಇಂಗ್ಲಿಷಿನಲ್ಲಿ ಅದಕ್ಕೇನು ಹೇಳುತ್ತಾರೆ ಎಂದು ನನಗೆ ಗೊತ್ತಿಲ್ಲ. ಶಶಿಯನ್ನು ಕೇಳಿದರೆ ಗುಟ್ಟು ರಟ್ಟಾಗುತ್ತದೆ. ನಮ್ಮ ಕಡೆ ಇಂಥದ್ದಕ್ಕೆಲ್ಲ ಒಂದೇ ದಾರಿ: ಬಟ್ಟೆಯಾಗಲಿ ಗುಂಡಿಯಾಗಲಿ ಬೇಳೆಯಾಗಲಿ, ಮಾದರಿ ಒಯ್ದು ತೋರಿಸುವುದು. ಬಟ್ಟಲನ್ನು ಬಿಡಿಯಾಗಿ ಒಯ್ದರೆ ಚೆಲ್ಲುತ್ತದೆಂದು ಡಬ್ಬಿಯನ್ನೇ ಬಟ್ಟೆಚೀಲಕ್ಕೆ ಹಾಕಿಕೊಂಡು, ಎಲ್ಲರೂ ಹೊರಗೆ ಹೋದ ಮೇಲೆ ಹೊರಟೆ.

ಬಿಳಿ ಪಟ್ಟೆಯ ಹತ್ತಿರ ಒಂದು ಪೊಲೀಸ್ ಕಾರು ನನಗಾಗಿ ನಿಂತಿತು. ಮರ್ಯಾದಸ್ಥಳಾದ ನಾನು ಚೀಲ ಹಿಡಿದ ಕೈಯನ್ನೇ ಎತ್ತಿ ಒಳಗಿದ್ದವನಿಗೆ ಸಲಾಂ ಹೇಳಿದೆ. ಅವನೂ ಕೈಯೆತ್ತಿದ.

ಒಸ್ಮಾನನಿಗೆ ಡಬ್ಬಿ ಬಹಳ ಹಿಡಿಸಿತು. ಮುಚ್ಚಳ ತೆಗೆದಾಗ ಎರಡೂ ಕೈ ಎದೆಗಿಟ್ಟುಕೊಂಡ. ಸಾಸಿವೆಯನ್ನು ಬೆರಳಲ್ಲಿ ಆಡಿಸಿದ, ಮೆಂತೆಯನ್ನು ಮೂಸಿ ತನ್ನ ಭಾಷೆಯ ಹೆಸರು ಹೇಳಿದ, ಜೀರಿಗೆಗೆ ತಲೆದೂಗಿದ. ಒಂದೊಂದೇ ಬಟ್ಟಲಿಗೆ ಹೀಗೆ ಪರಿಚಯವಾಗುತ್ತ ಏಳನೆಯದಕ್ಕೆ ಬಂದ. ಇದು ಬೇಕು, ಒಂದು ಕಿಲೋ, ಎಂದೆ.

ಅವನ ಕೈ ಅಲ್ಲೇ ನಿಂತಿತು. ಮುಖದ ನಗು ಹೋಯಿತು. ಅವನು ಡಬ್ಬಿಯ ಮುಚ್ಚಳ ಹಾಕಿ, ಬಾಗಿಲಿಗೆ ಹೋಗಿ 'ಮುಚ್ಚಿದೆ' ಎಂಬ ಹಲಗೆಯನ್ನು ತಿರುಗಿಸಿ, ಚಿಲಕ ಹಾಕಿ ಬಂದ. ನನಗೆ ಗಾಬರಿಯಾಯಿತು. ಪರದೇಶದಲ್ಲಿ ಪರಪುರುಷನ ಅಂಗಡಿಯಲ್ಲಿ ಹೀಗೆ ಸಿಕ್ಕಿಬಿದ್ದೆನಲ್ಲ ಎಂದು ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಆಬ್ಲಾ, ಇದನ್ನು ನೀವು ಯಾರಿಗಾದರೂ ತೋರಿಸಿದ್ದೀರಾ?" ಎಂದು ಮೆಲ್ಲಗೆ ಕೇಳಿದ.

ಇಲ್ಲ ಎಂದೆ. ಅವನು ಉಸಿರು ಬಿಟ್ಟು, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದ. ಅಫೀಮು ಬರುವ ಗಿಡದ ಬೀಜವಂತೆ ಅದು. ನಮ್ಮಲ್ಲಿ ಅಡುಗೆಯ ಸಾಮಾನು, ಅವನ ದೇಶದಲ್ಲಿ ಕೂಡ ಅಡುಗೆಯ ಸಾಮಾನು, ಈ ದೇಶದ ಕಾನೂನಿನಲ್ಲಿ ಮಾದಕ ವಸ್ತು. ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದರೆ ನಾನು ಮನೆ ಕಾಣುವ ಮೊದಲು ಜೈಲು ಕಾಣುತ್ತಿದ್ದೆ. ಮನೆಯಲ್ಲಿ ಸಿಕ್ಕಿದ್ದರೆ ಮನೆಯವರೆಲ್ಲರೂ ಉತ್ತರ ಕೊಡಬೇಕಾಗುತ್ತಿತ್ತು. ನಿಮ್ಮ ವೀಸಾ ಯಾರ ಹೆಸರಿನಲ್ಲಿದೆ ಎಂದು ಕೇಳಿದ.

ದಿನೇಶನ ಹೆಸರಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಮುಸಫ್ಫಾದ ಬಸ್ಸು ಹತ್ತಿ ಕಟ್ಟಿಕೊಂಡ ಅವನ ಬದುಕು, ಶಶಿಯ ಮನೆ, ಆ ಮಗುವಿನ ಶಾಲೆ, ಎಲ್ಲವನ್ನೂ ನಾನು ಒಂದು ವಾರದಿಂದ ಕಪಾಟಿನಲ್ಲಿ, ಸೀರೆಗಳ ಕೆಳಗೆ, ಬೆಂಕಿಕಡ್ಡಿಯ ಪಕ್ಕ ಇಟ್ಟುಕೊಂಡು ಮಲಗಿದ್ದೆ. ಜೀವನದಲ್ಲಿ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ. ಒಯ್ದು ಹೊರಗಿನ ಕಸದ ಡಬ್ಬಿಗೆ ಹಾಕಿಬಿಡುತ್ತೇನೆ ಎಂದು ಡಬ್ಬಿಯನ್ನು ಬಟ್ಟೆಚೀಲಕ್ಕೆ ತುಂಬಿ ಎದ್ದೆ.

ಅವನು ನನ್ನ ಕೈಯಿಂದ ಚೀಲ ತೆಗೆದುಕೊಂಡ. ಬೀದಿಯ ತುಂಬ ಕ್ಯಾಮೆರಾ ಇದೆ, ನಡುಗುವ ಕೈಯಲ್ಲಿ ಇದನ್ನು ಹಿಡಿದು ನೀವು ಇಲ್ಲಿಂದ ಹೊರಗೆ ಹೋಗುವ ಹಾಗಿಲ್ಲ ಎಂದ. ಡಬ್ಬಿ ಹಿಡಿದು ಹಿಂದಿನ ಕೋಣೆಯ ಸಿಂಕಿನ ಕಡೆ ನಡೆದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕ್ಷಣದಿಂದ ಅದು ಅವನ ಕೈಯಲ್ಲಿತ್ತು. ಸಿಕ್ಕಿದರೆ ಅವನ ಅಂಗಡಿ, ಅವನ ವೀಸಾ, ಈ ದೇಶದಲ್ಲಿ ಅವನು ದುಡಿದ ಹತ್ತೊಂಬತ್ತು ವರ್ಷ. ಇದನ್ನೆಲ್ಲ ನನಗೆ ವಿವರಿಸಿದವನೇ ಅವನಾದ್ದರಿಂದ ಗೊತ್ತಿಲ್ಲದೆ ಮಾಡಿದ ಎನ್ನುವಂತಿಲ್ಲ. ಸೋಮವಾರ ನಾಲ್ಕು ಚೂರು ಚೀಸು ತಿಂದು ಹೋದ ಒಬ್ಬ ಮುದುಕಿಗಾಗಿ! ಮೂವತ್ತೊಂದು ವರ್ಷ ನಾನು ಮಾಡಿದ್ದು ಜನರ ಸಾಮಾನನ್ನು ಅವರ ಕೈಗೇ ಹಿಂದಕ್ಕೆ ಕೊಟ್ಟದ್ದು. ಅವರು ಅದನ್ನು ಹೊತ್ತುಕೊಂಡು ಎಲ್ಲಿಗೆ ಹೋದರು ಎಂದು ಒಮ್ಮೆಯೂ ನೋಡಿದವಳಲ್ಲ.

ಸಿಂಕಿನ ಮುಂದೆ ನಿಂತು ಅವನು ಏಳನೇ ಬಟ್ಟಲನ್ನು ಎತ್ತಿಕೊಂಡ. ಕೂಡಲೇ ಚೆಲ್ಲಲಿಲ್ಲ. ಇದರಿಂದ ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ. ನಾನು ಪಾಯಸ ಹೇಳಿದೆ: ಹದವಾಗಿ ಹುರಿಯಬೇಕು, ಚಟಪಟ ಅನ್ನುವಷ್ಟರಲ್ಲಿ ಇಳಿಸಬೇಕು, ನೆನೆಸಿದ ಅಕ್ಕಿ, ಕಾಯಿತುರಿ ಸೇರಿಸಿ ನುಣ್ಣಗೆ ಕಡೆಯಬೇಕು, ಬೆಲ್ಲ, ಏಲಕ್ಕಿ. ಅವನು ತನ್ನೂರಿನದು ಹೇಳಿದ. ಅವನೂರ ಸುತ್ತ ಬೇಸಿಗೆಯ ಆರಂಭದಲ್ಲಿ ಹೊಲವೆಲ್ಲ ಬಿಳಿ, ನೇರಳೆ ಹೂವಂತೆ. ಸರಕಾರದ ಅಪ್ಪಣೆ ಪಡೆದು ಬೆಳೆಯುತ್ತಾರೆ. ಅವನ ತಾಯಿ ಹುರಿದು, ಕಲ್ಲಿನಲ್ಲಿ ಎಣ್ಣೆ ಬಿಡುವ ತನಕ ಅರೆದು, ಬಿಸಿ ರೊಟ್ಟಿಯೊಳಗೆ ಬಳಿದು ಕೊಡುತ್ತಿದ್ದಳು. ತಾಯಿ ಈಗಿಲ್ಲ. ಊರಿಗೆ ಹೋಗದೆ ಆರು ವರ್ಷವಾಯಿತು. ಇಷ್ಟು ಹೇಳಿ ಬಟ್ಟಲನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಉದ್ದಕ್ಕೆ ಒಮ್ಮೆ ಉಸಿರೆಳೆದುಕೊಂಡ.

ಆಮೇಲೆ ನಲ್ಲಿ ಪೂರ್ತಿ ತಿರುಗಿಸಿ ಬಗ್ಗಿಸಿದ. ಗಸಗಸೆ ಒಮ್ಮೆಗೇ ಹೋಗುವ ಜಾತಿಯಲ್ಲ. ಸಿಂಕಿಗೆ ಅಂಟಿತು, ಬಟ್ಟಲಿನ ಅಂಚಿಗೆ ಅಂಟಿತು, ಪಕ್ಕದ ಸಾಸಿವೆಗೂ ಮೆಂತೆಗೂ ಮೊದಲೇ ಬೆರೆತಿತ್ತು. ಏಳೂ ಬಟ್ಟಲು ಖಾಲಿಯಾದವು. ಅವನು ತೊಳೆದ, ನಾನು ಒರೆಸಿದೆ. ಬಟ್ಟೆಚೀಲವನ್ನು ಒಳಹೊರಗು ಮಾಡಿ ಕೊಡವಿದ. ಕೊನೆಗೆ ನನ್ನ ಸೆರಗನ್ನೂ ಕೊಡವಲು ಹೇಳಿ, ತಾನು ಗೋಡೆ ಕಡೆ ತಿರುಗಿ ನಿಂತ.

ಚಹಾ ಕುಡಿಯದೆ ಬಿಡಲಿಲ್ಲ. ಸೊಂಟ ಸಣ್ಣಗಿರುವ ಗಾಜಿನ ಲೋಟ, ಹಾಲಿಲ್ಲದ ಕೆಂಪು ಚಹಾ. ಅದನ್ನು ಹಿಡಿಯಲು ನನಗೆ ಎರಡೂ ಕೈ ಬೇಕಾದವು. ನಾನು ಕುಡಿಯುತ್ತಿರುವಾಗ ಅವನು ಅಂಗಡಿಗೆ ಹೋಗಿ ಏಳೂ ಬಟ್ಟಲನ್ನು ತುಂಬಿ ತಂದ: ಹುಳಿಯಾದ ಕೆಂಪು ಪುಡಿ, ಒಣ ಪುದೀನ, ತರಿಯಾದ ಮೆಣಸು, ಎಳ್ಳು, ಕರಿಜೀರಿಗೆ, ಜೀರಿಗೆ, ಪಿಸ್ತಾದ ಚೂರು. ತಮ್ಮಲ್ಲಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ ಎಂದ. ನಮ್ಮಲ್ಲೂ ಇಲ್ಲ ಎಂದೆ.

ಮತ್ತೆ ಖಾಲಿದಿಯಾ

ಸಂಜೆ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಮುಚ್ಚಿಡಬಹುದಿತ್ತು; ಎಲ್ಲ ಚರಂಡಿ ಸೇರಿತ್ತು, ಕೇಳುವವರಿರಲಿಲ್ಲ. ಆದರೆ ದಿನೇಶನ ಉಪ್ಪು ತಿನ್ನುತ್ತ ಹೇಳದೆ ಇರುವುದು ನನ್ನಿಂದ ಆಗಲಿಲ್ಲ. ಶಶಿ ಎದ್ದುಹೋಗಿ ನನ್ನ ಕಪಾಟನ್ನು ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿ ಬಂದಳು. ಅನನ್ಯಾ ಮೊದಲ ಸಲ ನನ್ನ ಹತ್ತಿರ ತುಳುವಿನಲ್ಲಿ ಮಾತಾಡಿದಳು. ಹೆದರಿಕೆ ಆಯ್ತಾ ದೊಡ್ಡಮ್ಮ ಎಂದು ಕೇಳಿದಳು.

ದಿನೇಶನ ಕೈ ತಟ್ಟೆಯಲ್ಲೇ ಒಣಗಿತ್ತು. "ಅಕ್ಕ, ಪಟ್ಟಿಯಲ್ಲಿ ಬರ್ದಿದ್ದೆನಲ್ಲ," ಎಂದ.

"ಬರ್ದಿದ್ದಿ. ಯಾಕೆ ಅಂತ ನೀನು ಬರೀಲಿಲ್ಲ, ನಾನು ಕೇಳ್ಲಿಲ್ಲ."

ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. "ಆ ಜಾಗದಲ್ಲಿ ನಾನಿದ್ರೆ ನಿಮ್ಮನ್ನು ಹೊರಗೆ ಕಳಿಸಿ ಬಾಗ್ಲು ಹಾಕ್ತಿದ್ದೆ ಅಕ್ಕ," ಎಂದ. "ಸುಳ್ಳು ಯಾಕೆ ಹೇಳ್ಬೇಕು."

ಭಾನುವಾರ ಕಡ್ಲೆಬೇಳೆ ಪಾಯಸ ಮಾಡಿದೆ. ದಿನೇಶ ಒಂದು ಪಾತ್ರೆ ತುಂಬಿಸಿಕೊಂಡು, ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಅಂಗಡಿಯ ಒಳಗೆ ಹೋದ. ಅರ್ಧ ಗಂಟೆ ಕಳೆದು ಆಲಿವ್ ಕಾಯಿ ಹಿಡಿದುಕೊಂಡು ಬಂದ. ಅದು ಅವನಿಗೆ ಸ್ವಲ್ಪವೂ ಹಿಡಿಸುವುದಿಲ್ಲ. ಮುಖ ಹುಳ್ಳಗೆ ಮಾಡಿಕೊಂಡು ಎಲ್ಲವನ್ನೂ ತಿಂದ.

ದಿನೇಶನಿಗೆ ನಾನು ಎಲ್ಲವನ್ನೂ ಹೇಳಿದ್ದೇನೆ, ಒಂದನ್ನು ಬಿಟ್ಟು. ಅದನ್ನು ಇಲ್ಲಿ ಬರೆಯುತ್ತೇನೆ, ಅವನು ಕನ್ನಡ ಓದುವುದು ಬಿಟ್ಟು ಬಹಳ ಕಾಲವಾಯಿತು.

ಕೊನೆಯ ಬಟ್ಟಲು ತೊಳೆದಾದ ಮೇಲೆ ಒಸ್ಮಾನನ ತೋರುಬೆರಳಿನ ತುದಿಯಲ್ಲಿ ಒಂದು ಕಾಳು ಉಳಿದಿತ್ತು. ನಲ್ಲಿ ಇನ್ನೂ ಹರಿಯುತ್ತಿತ್ತು. ಅವನು ಬೆರಳನ್ನು ನೀರಿಗೆ ಒಡ್ಡಲಿಲ್ಲ, ಅದನ್ನೇ ನೋಡುತ್ತ ನಿಂತ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ನಾನು ಒರೆಸುವ ಬಟ್ಟೆಯನ್ನು ಮಡಚುವ ನೆವದಲ್ಲಿ ಬೆನ್ನು ತಿರುಗಿಸಿದೆ, ಅದನ್ನು ನಾಲ್ಕು ಮಡಿಕೆ ಮಾಡಿದೆ, ಬಿಚ್ಚಿ ಮತ್ತೆ ಮಡಚಿದೆ. ತಿರುಗಿ ನೋಡಿದಾಗ ಅವನ ಬೆರಳು ಖಾಲಿಯಿತ್ತು, ಕಣ್ಣು ಮುಚ್ಚಿತ್ತು, ದಪ್ಪ ಮೀಸೆಯ ಕೆಳಗೆ ದವಡೆ ಮೆಲ್ಲಗೆ ಅಲ್ಲಾಡುತ್ತಿತ್ತು.